ಬ್ಲೋಯರ್‌ಗಳಿಗೆ ರಜೆ ಕೊಟ್ಟ ದಿನ

ಆರು ವರ್ಷದ ಹಿಂದೆ, ವಿಜಯದಶಮಿಯ ಬೆಳಿಗ್ಗೆ ಆರೂವರೆಗೆ, ನಾನು ನಂಜನಗೂಡಿನ ಕೆಳಗೆ, ಊರಿನ ಕೊಳಚೆ ನೀರನ್ನು ಶುದ್ಧ ಮಾಡಿ ಬಿಡುವ ಕಾಲುವೆ ಕಪಿಲೆಗೆ ಸೇರುವಲ್ಲಿ, ದಡದಿಂದ ಮೂರನೆಯ ಕಲ್ಲಿನ ಮೇಲೆ ನಿಂತಿದ್ದೆ. ಕೈಯಲ್ಲಿ ಪರೀಕ್ಷೆಗೆ ನೀರು ಹಿಡಿಯುವ ಬಾಟಲಿ.

ನಾನು ಆ ಘಟಕದ ಆಪರೇಟರ್. ಕೊಳಚೆಯನ್ನು ತಿಂದು ನೀರನ್ನು ತಿಳಿಯಾಗಿಸುವುದು ತೊಟ್ಟಿಯೊಳಗಿನ ಕ್ರಿಮಿಗಳು. ಅವು ಬದುಕಲು ಹಗಲಿರುಳು ಗಾಳಿ ಬೇಕು. ಗಾಳಿ ಊದುವ ಬ್ಲೋಯರ್‌ಗಳು ಎರಡಿದ್ದವು.

ಹಿಂದಿನ ದಿನ ಆಯುಧಪೂಜೆ. ನನಗೆ ಕೆಲಸ ಕಲಿಸಿದ ಹಿರಿಯ ಆಪರೇಟರ್ ಎರಡನ್ನೂ ನಿಲ್ಲಿಸು ಎಂದರು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟಬಾರದು. ನಮ್ಮ ಮನೆಗಳಲ್ಲಿ ಕುಡುಗೋಲಿಗೂ ಅದೇ ನಿಯಮ.

"ಅಣ್ಣ, ಒಂದಾದ್ರೂ ಓಡ್ಲಿ. ಕ್ರಿಮಿ ಸಾಯ್ತವೆ."

"ಒಂದಿನ ಉಪವಾಸ ಇದ್ರೆ ಸತ್ತೋಯ್ತವಾ? ಅವ್ಕೂ ಅಬ್ಬ ಕಣ್ಲಾ!"

ನಾನೂ ನಕ್ಕೆ. ಸ್ವಿಚ್ ಆರಿಸಿದ್ದು ನಾನೇ. ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದೆವು.

ಬೆಳಿಗ್ಗೆ ಕಾಲುವೆಯ ನೀರು ಕಪ್ಪಗಿತ್ತು. ಆ ವರ್ಷ ನದಿಯಲ್ಲಿ ಹರಿವು ಕಡಿಮೆ. ಕೆಳಗಿನ ಮಡುವಿನಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವುಗಳ ನಡುವೆ ಒಂದೇ ಹರಿಗೋಲು. ಅದರಲ್ಲಿದ್ದ ಮೀನುಗಾರ ದಿನಾ ನನ್ನನ್ನು, "ಇವತ್ತೆಂಗದೆ ಸಾ ನೀರು?" ಎಂದು ಕೂಗಿ ಕೇಳುತ್ತಿದ್ದವನು. ಬೆಳಗಿನ ಆ ಹೊತ್ತಿನಲ್ಲಿ ನನ್ನೊಡನೆ ಮಾತಾಡುತ್ತಿದ್ದವನು ಅವನೊಬ್ಬನೇ.

ದಡದಲ್ಲಿ ಅವನ ಊರಿನವರೇ ಇಬ್ಬರು ನಿಂತಿದ್ದರು.

"ಯಾವ ವಿಷ ಹಾಕ್ದೆ ಏಳ್ಲಾ!"

"ನಾನ್ಯಾಕ್ಲಾ ಹಾಕ್ಲಿ? ನನ್ ಅನ್ನಕ್ಕೆ ನಾನೇ ಮಣ್ಣಾಕ್ಕೊಂಡೇನಾ?"

"ಮತ್ತೆ ಮೀನು ಅಂಗೇ ತೇಲ್ತವಾ? ಈಜು ಮರ್ತೋದ್ವಾ?"

ಅವನು ನನ್ನತ್ತ ತಿರುಗಿದ. "ಸಾ, ದಿನಾ ನೀರು ನೋಡೋರು ನೀವು. ನೀವೇ ಏಳಿ ಸಾ."

"ನನಗೆ ಗೊತ್ತಿಲ್ಲ" ಎಂದೆ. ಅವನ ಹರಿಗೋಲಿನ ಪಕ್ಕದಲ್ಲಿ ನಮ್ಮ ಕಾಲುವೆಯಿಂದ ಬಂದ ಎರಡು ಚೆಂಡುಹೂ ತೇಲಿಕೊಂಡು ಹೋದವು.

ರಿಜಿಸ್ಟರ್‌ನಲ್ಲಿ 'ಕರೆಂಟ್ ಇರಲಿಲ್ಲ' ಎಂದು ಬರೆದೆ. ಕರೆಂಟ್ ಇತ್ತು.

ವಿಷ ಹಾಕುವವನ ಮೀನು ಎಂದು ಆ ಊರಲ್ಲಿ ಯಾರೂ ಕೊಳ್ಳಲಿಲ್ಲ. ಅವನು ಹರಿಗೋಲನ್ನು ತಿ. ನರಸೀಪುರಕ್ಕೆ, ಕಪಿಲೆ ಕಾವೇರಿಯನ್ನು ಸೇರುವ ಕಡೆಗೆ ಸಾಗಿಸಿದ. ಅಂದಿನಿಂದ ನಾನು ಬಾಟಲಿ ತುಂಬುವಾಗ ನದಿಯ ಕಡೆಯಿಂದ ಯಾರೂ ಕೂಗುವುದಿಲ್ಲ. ಒಮ್ಮೊಮ್ಮೆ ನಾನೇ "ಇವತ್ತು ತಿಳಿಯಾಗದೆ" ಎಂದುಕೊಳ್ಳುತ್ತೇನೆ. ಆಯುಧಪೂಜೆಗೆ ಈಗ ಬ್ಲೋಯರ್ ನಿಲ್ಲಿಸುವುದಿಲ್ಲ. ಓಡುತ್ತಿರುವಾಗಲೇ ದೂರದಿಂದ ಮಂಗಳಾರತಿ.

ಹೋದ ತಿಂಗಳು ನರಸೀಪುರಕ್ಕೆ ಹೋದೆ. ಅವನು ದಡದಲ್ಲಿ ಕೂತು ಬಲೆಗೆ ತೇಪೆ ಹಾಕುತ್ತಿದ್ದ. ಎಲ್ಲವನ್ನೂ ಹೇಳಿದೆ.

"ಹೂ ನೋಡಿದ್ದೆ ಸಾ. ನೀವೇ ಏಳ್ತೀರ ಅಂತ ಸುಮ್ಕಿದ್ದೆ." ಬಲೆಯ ಗಂಟು ಬಿಗಿದು, "ನಂಗೇಳಿ ಏನ್ ಬಂತು? ನಮ್ಮೂರೋರ್ಗೇಳಿ" ಎಂದ.

ಅದಕ್ಕೇ ಇದನ್ನು ಬರೆದೆ. ನಾಳೆ ನೀರು ಹಿಡಿದಾದ ಮೇಲೆ ಅವನು ಬಿಟ್ಟುಹೋದ ಊರಿಗೆ ಹೋಗಿ ಓದಿ ಹೇಳುತ್ತೇನೆ. ಹಿರಿಯ ಆಪರೇಟರ್ ತೀರಿಕೊಂಡರು. ದಡದಲ್ಲಿದ್ದ ಇಬ್ಬರಲ್ಲಿ ಒಬ್ಬ ಸತ್ತ. ಇನ್ನೊಬ್ಬ ಇದ್ದಾನೆ, ಹುಲ್ಲಹಳ್ಳಿ ರಸ್ತೆಯಲ್ಲಿ ಪಂಚರ್ ಅಂಗಡಿ ಇಟ್ಟಿದ್ದಾನೆ. ಹರಿಗೋಲಿನವನು ನರಸೀಪುರದಲ್ಲಿದ್ದಾನೆ. ಆ ದಿನದವರಲ್ಲಿ ಉಳಿದ ಮೂರನೆಯವನು ನಾನು.