ಮನಿ ನೋಡಿಕೊಳ್ಳುವ ಬಸಲಿಂಗಪ್ಪ

ಖಾನಾಪುರದ ಸ್ಟೇಶನ್ ರಸ್ತೆಯ ಹಿಂದಿನ ಓಣಿ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸಲಿಂಗಪ್ಪ ಹಡಪದ ತಮ್ಮ ಮನೆಯ ಕಟ್ಟೆಯ ಮೇಲೆ ಕ್ಷೌರದ ಪೆಟ್ಟಿಗೆ ಬಿಚ್ಚಿಟ್ಟುಕೊಂಡು ಕುಳಿತಿದ್ದಾರೆ. ಪಕ್ಕದಲ್ಲಿ ತಂಬಿಗೆ ತುಂಬ ಬಿಸಿನೀರು. ಎದುರಿನ ಗಿರಾಕಿ ಮಾತ್ರ ಅವರಿಗೆ ಬೆನ್ನು ಮಾಡಿ ಕುಳಿತಿದೆ. ಬೂದು ಬಣ್ಣದ ಮುದಿ ಬೆಕ್ಕು. ಸೊಂಟದ ಎರಡೂ ಬದಿ ಕೂದಲು ಜಡೆಗಟ್ಟಿ, ಗೋಣಿಚೀಲದ ತುಂಡು ಅಂಟಿಸಿದ ಹಾಗೆ ಕಾಣುತ್ತದೆ. ಬಸಲಿಂಗಪ್ಪ ಬಾಚಣಿಕೆ ಎತ್ತುತ್ತಾರೆ. ಬೆಕ್ಕು ತಿರುಗಿಯೂ ನೋಡದೆ ಕಿವಿ ಮಲಗಿಸಿ ಗುರ್ ಎನ್ನುತ್ತದೆ. ಬಾಚಣಿಕೆ ತಾನಾಗಿ ಕೆಳಗಿಳಿಯುತ್ತದೆ.

"ಈ ಕೆಲಸದಾಗ ಅರ್ಧಾ ಆಯುಷ್ಯ ಕಳದೇನ್ರಿ. ಅಳೂ ಕೂಸಿನ ಜಾವಳ ತಗದೇನಿ, ಕುಡದ ಬಂದವರ ದಾಡಿ ಮಾಡೇನಿ. ನನ್ನ ಕೈಯಾಗ ತಲಿ ಕೊಡದ ಗಿರಾಕಿ ಅಂದ್ರ ಇದೊಂದ," ಎನ್ನುತ್ತಾರೆ.

ಮೆಟ್ಟಿಲ ಬಳಿ ಇಟ್ಟ ಹಾಲು-ಅನ್ನಕ್ಕೆ ಇರುವೆ ಮುತ್ತಿವೆ. ನಿನ್ನೆ ಇಟ್ಟಿದ್ದೂ ಹಾಗೇ ಹೋಯಿತು. ಇನ್ನು ಸ್ವಲ್ಪ ಹೊತ್ತಿಗೆ ಲೋಂಡಾ ಕಡೆಯಿಂದ ರೈಲು ಬರುತ್ತದೆ, ಅದನ್ನು ಹಿಡಿದು ಬೆಳಗಾವಿಗೆ ಹೋಗಬೇಕು. ಅಲ್ಲಿ ಹಾಸಿಗೆಯ ಮೇಲೆ ಮಲಗಿರುವ ಒಬ್ಬರು 'ಮನಿ ಹ್ಯಾಂಗೈತಿ' ಎಂದು ಕೇಳುತ್ತಾರೆ. ಬಸಲಿಂಗಪ್ಪ ಬೆಕ್ಕಿನ ಬೆನ್ನು ನೋಡುತ್ತ ಬಾಚಣಿಕೆಯನ್ನು ಪೆಟ್ಟಿಗೆಗೆ ಸೇರಿಸುತ್ತಾರೆ.

ಬಸಲಿಂಗಪ್ಪನವರ ಹೆಸರನ್ನು ಯಾವ ಸನ್ಮಾನದ ಪತ್ರದಲ್ಲೂ ಯಾರೂ ಅಚ್ಚು ಹಾಕಿಸಿಲ್ಲ. ಊರಲ್ಲಿ ಅವರದೊಂದು ಸಣ್ಣ ಕ್ಷೌರದಂಗಡಿ. ಎರಡು ಕುರ್ಚಿ, ಗೋಡೆಯ ಮೇಲೆ ಬಸವಣ್ಣನ ಪಟ, ಒಂದು ಮೂಲೆ ಮಸುಕಾದ ಕನ್ನಡಿ. ಅಂಗಡಿಗೆ ವಾರದ ರಜೆಯ ದಿನ ಅವರು ಮನೆಯಲ್ಲಿ ಕಾಲು ಚಾಚುವುದಿಲ್ಲ, ಪೆಟ್ಟಿಗೆ ಹಿಡಿದು ಹೊರಡುತ್ತಾರೆ. ಏಳಲಾಗದವರ, ಕೂರಲಾಗದವರ, ಮಾತು ಬಿದ್ದುಹೋದವರ ದಾಡಿ ಮಾಡುವುದು ಅಂದಿನ ಕೆಲಸ. ಕೆಲವರು ಖಾನಾಪುರದಲ್ಲಿ, ಕೆಲವರು ಬೆಳಗಾವಿಯಲ್ಲಿ. ಕೋಟೆಯ ಹತ್ತಿರದ ತವನಪ್ಪನವರಿಗೆ ಕಣ್ಣೂ ಕಾಣುವುದಿಲ್ಲ, ಸಾಬೂನಿನ ವಾಸನೆಯಿಂದಲೇ ಇವರನ್ನು ಗುರುತು ಹಿಡಿದು ಗದ್ದ ಎತ್ತುತ್ತಾರೆ.

"ಔಷಧ ಕುಡಸಾಕ ಎಲ್ಲಾರೂ ಇರ್ತಾರ್ರಿ. ದಾಡಿ ನೆನಪಾಗೂದು ನೆಂಟರು ನೋಡಾಕ ಬರ್ತಾರಂದಾಗ," ಎಂದು ನಗುತ್ತಾರೆ. ಹಲ್ಲುದುರಿದ ಗಲ್ಲ ಒಳಕ್ಕೆ ಹೋಗಿರುತ್ತದೆ, ಚರ್ಮ ಹಳೆಯ ಕಾಗದದಂತಾಗಿರುತ್ತದೆ. ಒಮ್ಮೊಮ್ಮೆ ಕೈ ತಪ್ಪುತ್ತದೆ, ರಕ್ತ ಬರುತ್ತದೆ, ಮನೆಯವರಿಂದ ಬೈಗುಳವೂ ಬರುತ್ತದೆ. ಬೈಸಿಕೊಂಡು ಮುಂದಿನ ವಾರ ಮತ್ತೆ ಹೋಗುತ್ತಾರೆ.

ಬೆಳಗಾವಿಯಲ್ಲಿ ಮಲಗಿ 'ಮನಿ ಹ್ಯಾಂಗೈತಿ' ಎಂದು ಕೇಳುವವರು ನಾಗೇಶ ಗುಂಜೀಕರ. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಆಳುಗಳ ಮೇಲ್ವಿಚಾರಣೆ ನೋಡುವ ಮುಕಾದಮರಾಗಿದ್ದು ನಿವೃತ್ತರಾದವರು. ಓಣಿಗೆಲ್ಲ ಕಾಕಾ. ವಿಧುರರು, ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ವಾರಕ್ಕೊಮ್ಮೆ ಅಂಗಡಿಗೆ ನಡೆದೇ ಬರುತ್ತಿದ್ದರು. ಅವರ ದಾಡಿಯ ಬ್ರಶ್ಶೇ ಬೇರೆ, ಅದನ್ನು ಇನ್ನೊಬ್ಬರ ಮುಖಕ್ಕೆ ಮುಟ್ಟಿಸುವಂತಿಲ್ಲ. ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿಯಿತು. ಬೆಳಗಾವಿಯ ಟಿಳಕವಾಡಿಯಲ್ಲಿರುವ ಮಗಳು ಸುಲಭಾ ಬಂದು ತನ್ನ ಫ್ಲ್ಯಾಟಿಗೆ ಕರೆದೊಯ್ಯಲು ನಿಂತಳು. ಹೊರಡುವ ಹಿಂದಿನ ದಿನ ದಾಡಿ ಮಾಡಲು ಬಸಲಿಂಗಪ್ಪನವರಿಗೆ ಕರೆ ಬಂತು. ಅವರು ಆ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು.

ಮುಖಕ್ಕೆ ನೊರೆ ಹಚ್ಚಿಸಿಕೊಳ್ಳುತ್ತಲೇ ಕಾಕಾ ಇವರ ಕೈ ಹಿಡಿದರಂತೆ. "ಬಸಲಿಂಗಾ, ಕಾಲ ನೆಟ್ಟಗಾಗಿ ನಾ ಬರೂತನಾ ಮನಿ ನೋಡ್ಕೊತಿ ಏನ?"

"ನೋಡ್ಕೊತೀನ್ರಿ ಕಾಕಾ. ನೀವು ಚಿಂತಿ ಬಿಡ್ರಿ."

ಬಸಲಿಂಗಪ್ಪನವರ ಲೆಕ್ಕದಲ್ಲಿ ಅದೇನು ದೊಡ್ಡ ಕೆಲಸ? ವಾರಕ್ಕೊಮ್ಮೆ ಕಸ ಹೊಡೆಯುವುದು, ತುಳಸಿಗೆ ನೀರು ಹಾಕುವುದು. ಮಾರನೆಯ ದಿನ ಕಸಬರಿಗೆ ಹಿಡಿದೇ ಹೋದರು. ಬೀಗ ಹಾಕುತ್ತಿದ್ದ ಸುಲಭಾ ಕೀಲಿ ಕೊಡಲಿಲ್ಲ. ಮುಚ್ಚಿದ ಬುಟ್ಟಿಯೊಂದನ್ನು ಕೈಗಿತ್ತಳು. "ಬಾಬಾ ನಿಮಗ ಹೇಳ್ಯಾರಲ್ಲ? ಹೀ ಘ್ಯಾ, ತಗೋರಿ, ಆಮಚೀ ಮನೀ. ನನ್ನ ಮಗಗ ದಮ್ಮು ಐತಿ, ಬೆಕ್ಕು ಇಟ್ಕೊಳ್ಳಾಕ ಬರೂದಿಲ್ಲ."

ಬುಟ್ಟಿಯೊಳಗಿನಿಂದ ಎರಡು ಹಳದಿ ಕಣ್ಣು ನೋಡಿದವು. ಮರಾಠಿ ಮನೆಗಳಲ್ಲಿ ಹೆಣ್ಣು ಬೆಕ್ಕನ್ನು ಮನಿ ಎಂದು ಕರೆಯುವುದು ಹಳೆಯ ರೂಢಿ. ಅದೇ ಊರಿನ ಕನ್ನಡದಲ್ಲಿ ಮನಿ ಎಂದರೆ ವಾಸದ ಮನೆ. ನಾವು ಬರೆಯುವವರು 'ಮನೆ' ಎಂದು ಬರೆದು ಪಾರಾಗುತ್ತೇವೆ. ಬಸಲಿಂಗಪ್ಪನವರ ಬಾಯಿಗೆ ಆ ಅನುಕೂಲವಿಲ್ಲ.

"ಮಾತ ಕೊಟ್ಟಾಗಿತ್ತಲ್ರಿ. ನಾ ತಿಳಕೊಂಡದ್ದ ಬ್ಯಾರೆ ಅಂತ ಹ್ಯಾಂಗ ಹೇಳ್ಲಿ? ಕಸಬರಗಿ ಒಂದ ಕೈಯಾಗ, ಬೆಕ್ಕ ಒಂದ ಕೈಯಾಗ ಹಿಡಕೊಂಡ ಮನಿಗೆ ಬಂದೆ."

ಹೆಂಡತಿ ರೇಣವ್ವ ಬಾಗಿಲಲ್ಲೇ ತಡೆದರು. "ಮನಿ ನೋಡಾಕ ಹೋದವರು ಇದೇನ ತಂದ್ರಿ?"

"ಇದ ಮನಿ," ಎಂದರು ಬಸಲಿಂಗಪ್ಪ. ರೇಣವ್ವ ಗಂಡನ ಹಣೆ ಮುಟ್ಟಿ ನೋಡಿದರಂತೆ.

ಅಂದಿನಿಂದ ಶುರುವಾದ ಗೊಂದಲ ಇನ್ನೂ ತೀರಿಲ್ಲ. ಬೆಕ್ಕು ಹಾಲು ಮೂಸಿ ಬಿಡುತ್ತದೆ. ಮೊಸರನ್ನದ ಕಡೆ ನೋಡುವುದೂ ಇಲ್ಲ. ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟಿದೆ, ಜಡೆ ಬೆಳೆಯುತ್ತಿದೆ. ಕಾಕಾ ಮರಾಠಿಯವರು, ಮೀನು ತಿನ್ನಿಸಿ ಸಾಕಿರಬೇಕು ಎಂದು ಬಸಲಿಂಗಪ್ಪ ತಾವೇ ತೀರ್ಮಾನಿಸುತ್ತಾರೆ. ಲಿಂಗ ಕಟ್ಟಿದವರು ಊರಿನ ಪೇಟೆಯಲ್ಲಿ ಮೀನು ಕೊಂಡರೆ ನಾಲ್ಕು ಜನ ಏನೆಂದಾರು? ಅದಕ್ಕೆ ನಂದಗಡದ ಸಂತೆಗೆ ಹೋಗುತ್ತಾರೆ. ಒಣಮೀನಿನ ಪೊಟ್ಟಣ ಕೈಗೆ ತೆಗೆದುಕೊಂಡು ತಿರುಗಿದರೆ ಎದುರಿಗೆ ಬೀಗರು ಗುರುಪುತ್ರಪ್ಪ.

"ಬೆಕ್ಕಿಗ್ರಿ," ಎಂದರು ಬಸಲಿಂಗಪ್ಪ.

"ಹೌದೌದು, ಬೆಕ್ಕಿಗೆ," ಎಂದರು ಬೀಗರು, ಪೊಟ್ಟಣದಿಂದ ಕಣ್ಣು ತೆಗೆಯದೆ.

ಇಷ್ಟು ಮಾನ ಕಳೆದುಕೊಂಡು ತಂದ ಮೀನನ್ನು ಮನಿ ಮೂಸಿ ನೋಡಿ ಮುಖ ತಿರುವಿತು. ಓಣಿಯ ಉಳಿದ ಬೆಕ್ಕುಗಳಿಗೆಲ್ಲ ಹಬ್ಬವಾಯಿತು. ರೇಣವ್ವ ಅಂಗಳವನ್ನು ಎರಡೆರಡು ಬಾರಿ ತೊಳೆದರು.

ಆ ವಾರ ಬೆಳಗಾವಿಯಲ್ಲಿ ಕಾಕಾನ ಗಲ್ಲಕ್ಕೆ ನೊರೆ ಹಚ್ಚುತ್ತ ಬಸಲಿಂಗಪ್ಪ ಮೆಲ್ಲಗೆ ಬಾಯಿ ಬಿಡುತ್ತಾರೆ. "ಕಾಕಾ, ಮನಿಗೆ ಮೀನ ತಂದಿದ್ದೆ. ನಡೀತೈತಿಲ್ರಿ?"

ಕಾಕಾ ನೊರೆಯ ಮುಖವನ್ನೇ ದಿಂಬಿನಿಂದ ಎತ್ತುತ್ತಾರೆ. "ಮನಿಗೆ ಮೀನ? ವಿಠ್ಠಲಾ! ನಾ ಮಾಳಕರಿ ಅಲ್ಲೇನೋ?"

ಕೊರಳಲ್ಲಿ ತುಳಸಿಮಾಲೆ. ಅದನ್ನು ಧರಿಸಿ ಪಂಢರಪುರಕ್ಕೆ ವಾರಿ, ಅಂದರೆ ಕಾಲ್ನಡಿಗೆಯ ಯಾತ್ರೆ, ಮಾಡುವ ಮಾಳಕರಿಗಳು ಮೀನು-ಮಾಂಸ ಮುಟ್ಟುವುದಿಲ್ಲ. ಇಷ್ಟು ವರ್ಷ ಆ ಮಾಲೆಯ ಮಣಿ ಸರಿಸಿಯೇ ಕತ್ತಿ ಆಡಿಸಿದವರಿಗೆ ಅದು ಹೊಳೆದೇ ಇರಲಿಲ್ಲ. ಹೋಗಲಿ, ಕಾಕಾ ಸಿಟ್ಟಾದದ್ದು ಬೆಕ್ಕಿಗೆ ಮೀನು ತಿನ್ನಿಸಿದ್ದಕ್ಕೋ, ತಮ್ಮ ಮನೆಯೊಳಗೆ ಮೀನು ಹೊಕ್ಕಿತೆಂದೋ? ಅದೂ ತಿಳಿಯಲಿಲ್ಲ. ಕತ್ತಿ ಒರೆಸುವಾಗ ಕಾಕಾ ಮತ್ತೆ ಕೇಳಿದರು: "ಮನಿ ಚಲೋ ಐತಲ್ಲ?"

"ಚಲೋ ಐತ್ರಿ," ಎಂದುಬಿಟ್ಟರು ಬಸಲಿಂಗಪ್ಪ. ಊರು ಬರುವವರೆಗೂ ರೈಲಿನಲ್ಲಿ ಅದೇ ಯೋಚನೆ. ಕಾಕಾ ನಂಬಿ ಒಪ್ಪಿಸಿದ ಜೀವ ಕಟ್ಟೆಯ ಮೇಲೆ ಸೊರಗುತ್ತಿದೆ. ನಾಳೆ ಅದು ಸತ್ತರೆ ಯಾವ ಮುಖ ಹೊತ್ತು ಆ ಹಾಸಿಗೆಯ ಪಕ್ಕ ಕೂರುವುದು?

ಕೊನೆಗೆ ಬುಟ್ಟಿ ಹೊತ್ತು ಪಶು ವೈದ್ಯರ ಬಳಿಗೆ ಹೋಗುತ್ತಾರೆ. ವೈದ್ಯರು ಬಾಯಿ ತೆರೆದು ತೋರಿಸುತ್ತಾರೆ. ಹಲ್ಲು ಹುಳುಕಾಗಿ ಒಸಡು ಬಾತಿದೆ. ಕೀಲುಗಳು ಹಿಡಿದಿವೆ, ಬೆನ್ನು ತಿರುಗಿಸಿ ನೆಕ್ಕಿಕೊಳ್ಳಲು ಆಗುತ್ತಿಲ್ಲ, ಅದಕ್ಕೇ ಜಡೆ. ಕತ್ತರಿ ಹಾಕಬೇಡಿ, ಮುದಿ ಬೆಕ್ಕಿನ ಚರ್ಮ ತೆಳು, ಕೂದಲಿನ ಜೊತೆ ಅದೂ ಬರುತ್ತದೆ ಎಂದು ಎಚ್ಚರಿಸುತ್ತಾರೆ. ಕೆಟ್ಟ ಹಲ್ಲು ಕೀಳುತ್ತಾರೆ. ಮೆತ್ತಗಿನದನ್ನು ಉಗುರುಬೆಚ್ಚಗೆ ಮಾಡಿ, ಅಗಲ ತಟ್ಟೆಯಲ್ಲಿ, ಸ್ವಲ್ಪಸ್ವಲ್ಪವೇ ಕೊಡಬೇಕು. ಹಾಲು ಸಾಲದು, ಮಾಂಸದ ಸತ್ವ ಬೇಕೇ ಬೇಕು. ಇನ್ನೂ ತಿನ್ನದಿದ್ದರೆ ಬದುಕುವುದು ಕಷ್ಟ.

ರೇಣವ್ವನ ಅಡುಗೆಮನೆಗೂ ವೈದ್ಯರ ಮಾತಿಗೂ ನಡುವೆ ಪೇಟೆಯ ಪೊಟ್ಟಣದ ಆಹಾರ ರಾಜಿ ಮಾಡಿಸುತ್ತದೆ. "ಅದರಾಗ ಏನೈತಿ ಅಂತ ನನಗ ಓದಿ ಹೇಳಬ್ಯಾಡ್ರಿ," ಎನ್ನುತ್ತ ಬಿಸಿನೀರು ಕಾಯಿಸಿ ಕೊಡುವವರು ಅವರೇ. ಆದರೂ ಮನಿ ತಿನ್ನುವುದಿಲ್ಲ.

ಮುಂದಿನ ರಜೆಯ ಬೆಳಗ್ಗೆ ಬಸಲಿಂಗಪ್ಪ ಪೆಟ್ಟಿಗೆ ಜೋಡಿಸುತ್ತಾರೆ. ಕಾಕಾನ ಬ್ರಶ್ಶು ಗಟ್ಟಿಯಾಗಿದೆ ಎಂದು ಬಿಸಿನೀರಲ್ಲಿ ತೊಳೆದು, ಹಿಂಡಿ, ಕಟ್ಟೆಯ ಮೇಲಿಟ್ಟು ಒಳಗೆ ಹೋಗಿ ಬರುತ್ತಾರೆ. ನೋಡಿದರೆ ಮನಿ ಕುಂಟುತ್ತ ಬಂದು ಬ್ರಶ್ಶಿಗೆ ಕೆನ್ನೆ ಉಜ್ಜುತ್ತಿದೆ. ಬಸಲಿಂಗಪ್ಪ ಪಕ್ಕದಲ್ಲಿ ಕುಳಿತು, ಒದ್ದೆ ಬ್ರಶ್ಶನ್ನು ಅದರ ಹಣೆಯಿಂದ ಬೆನ್ನಿನವರೆಗೆ ಮೆಲ್ಲಗೆ ಎಳೆಯುತ್ತಾರೆ. ಕಿವಿ ಮಲಗುವುದಿಲ್ಲ. ಇನ್ನೊಮ್ಮೆ ಎಳೆಯುತ್ತಾರೆ. ಬೆಕ್ಕಿನ ಎದೆಯೊಳಗೆ ಸಣ್ಣಗೆ ಗುರುಗುಟ್ಟುವ ಸದ್ದು ಏಳುತ್ತದೆ. ಆಮೇಲೆ ಅದು ಮುಂಗಾಲೆತ್ತಿ ತಾನೇ ನೆಕ್ಕಿಕೊಂಡು, ಮುಖ ಒರೆಸಿಕೊಂಡು, ತಟ್ಟೆಯ ಬಳಿ ಹೋಗಿ ತಿನ್ನುತ್ತದೆ.

"ಏ ಇವಳ, ಬಾ ಇಲ್ಲೆ! ಮನಿ ಉಣ್ಣಾಕತ್ತೈತಿ!" ಎಂದು ಕೂಗಿದ ಗಂಡನ ಕಣ್ಣಲ್ಲಿ ನೀರಿತ್ತು ಎನ್ನುತ್ತಾರೆ ರೇಣವ್ವ. ಕಾಕಾನ ವಾಸನೆ ಸಿಕ್ಕಿದ್ದಕ್ಕೇ ತಿಂದಿತು ಎಂಬುದು ಅವರ ವಾದ. ಹಲ್ಲಿನ ಗಾಯ ಮಾಯ್ದಿತ್ತು, ಅಷ್ಟೇ ಎಂಬುದು ವೈದ್ಯರ ಮಾತು. ಒದ್ದೆ ಬ್ರಶ್ಶು ತಾಯಿಬೆಕ್ಕಿನ ನಾಲಿಗೆಯಂತೆ ಅನ್ನಿಸಿರಬೇಕು ಎಂದು ಅಂಗಡಿಯ ಗಿರಾಕಿಗಳು. "ನನಗಂತೂ ತಿಳಿವಲ್ದ್ರಿ. ದಿನಾ ಮುಂಜಾನೆ ಬ್ರಶ್ಶ ಆಡಸ್ತೀನಿ, ಅದು ಉಣ್ತೈತಿ," ಎನ್ನುತ್ತಾರೆ ಬಸಲಿಂಗಪ್ಪ. ಬೆರಳಿನಿಂದ ದಿನಕ್ಕಿಷ್ಟು ಬಿಡಿಸಿ ಬಿಡಿಸಿ ಜಡೆಯೂ ಈಗ ಸಡಿಲಾಗಿದೆ.

ಒಂದು ಗೋಜಲು ಬಿಚ್ಚಿತು ಎನ್ನುವಷ್ಟರಲ್ಲಿ ಇನ್ನೊಂದು ಗಂಟು. ಕಾಕಾನ ಬಾಡಿಗೆ ಮನೆಯ ಮಾಲೀಕರು ಅಲ್ಲಿ ಮಳಿಗೆ ಕಟ್ಟಿಸುತ್ತಿದ್ದಾರೆ. ಒಂದು ದಿನ ಆ ದಾರಿಯಲ್ಲಿ ಬಂದರೆ ಹಂಚು ಇಳಿಸುತ್ತಿದ್ದರು, ಮರುವಾರ ಗೋಡೆಯೂ ಇರಲಿಲ್ಲ. "ಕಾಲ ನೆಟ್ಟಗಾಗೂತನಾ ಬಾಬಾಗ ಹೇಳಬ್ಯಾಡ್ರಿ," ಎಂದು ಸುಲಭಾ ಕೈಮುಗಿದಿದ್ದಾಳೆ.

ಈಗ ಪ್ರತಿ ವಾರ ಕಾಕಾ ಅದೇ ಪ್ರಶ್ನೆ ಕೇಳುತ್ತಾರೆ, ಬಸಲಿಂಗಪ್ಪ ಅದೇ ಉತ್ತರ ಕೊಡುತ್ತಾರೆ. ಮೊದಲು ಮನೆ ಗಟ್ಟಿಯಾಗಿ ನಿಂತಿತ್ತು, ಬೆಕ್ಕು ಸೊರಗಿತ್ತು. ಈಗ ಬೆಕ್ಕು ಮೈತುಂಬಿಕೊಂಡಿದೆ, ಮನೆ ಇಲ್ಲ. ಕಾಕಾ ಕೇಳುವುದು ಯಾವುದನ್ನು? ಬಸಲಿಂಗಪ್ಪನವರಿಗೆ ಮರಾಠಿ ಚೆನ್ನಾಗಿ ಬರುತ್ತದೆ. 'ಘರ ಕೀ ಮಾಂಜರ?' ಮನೆಯೋ ಬೆಕ್ಕೋ ಎಂದು ಒಂದು ಮಾತು ಕೇಳಿದರೆ ಮುಗಿಯಿತು. ಆದರೆ ಕೇಳುವುದಿಲ್ಲ. "ಮನಿ ಅಂದ್ರ ನಾ ಇದ್ದ ಮನೀನ ಅಂದುಬಿಟ್ರ, ಏನ ಹೇಳ್ಲಿ?"

ಹೋದ ವಾರ ಗಲ್ಲಕ್ಕೆ ನೊರೆ ತಾಗಿದ ಕೂಡಲೇ ಕಾಕಾ ಕಣ್ಣು ತೆರೆದರು. "ಇದು ನನ್ನ ಬ್ರಶ್ಶಲ್ಲ. ನಂದೆಲ್ಲಿ?"

ಬೆಕ್ಕಿಗೆ ಆಡಿಸಿದ ಬ್ರಶ್ಶನ್ನು ಕಾಕಾನ ಮುಖಕ್ಕೆ ತರಲಾದೀತೇ? ಬಸಲಿಂಗಪ್ಪ ತಡವರಿಸಿದರು. "ಅದು… ಮನಿ ಕಡೆ ಐತ್ರಿ."

ಕಾಕಾ ಅವರನ್ನೇ ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಗದ್ದ ಎತ್ತಿ ಕೊಟ್ಟರು. "ಇರಲಿ. ಅಲ್ಲೇ ಇರಲಿ. ನಾ ಬರ್ತೀನಿ."

ಕಾಕಾ ಈಗ ಗೋಡೆ ಹಿಡಿದು ನಿಲ್ಲುತ್ತಾರೆ. ಬಸಲಿಂಗಪ್ಪನವರಿಗೆ ಒಂದೇ ಆಸೆ. ಆ ಕಾಲಿಗೆ ಇನ್ನಷ್ಟು ಬಲ ಬಂದ ದಿನ ರೈಲಿನಲ್ಲಿ ಕೂರಿಸಿಕೊಂಡು ಖಾನಾಪುರಕ್ಕೆ ಕರೆತರುವುದು, ಸೀದಾ ತಮ್ಮ ಓಣಿಗೆ. ರೇಣವ್ವ ಆಗಲೇ ಕಾಕಾನಿಗೆಂದು ಹೊರಗಿನ ಕೋಣೆ ಖಾಲಿ ಮಾಡಿ ಸುಣ್ಣ ಬಳಿದಿದ್ದಾರೆ.

"ಕಟ್ಟಿ ಮ್ಯಾಲ ಕುಂಡ್ರಸ್ತೀನ್ರಿ. ಬೆಕ್ಕ ತಾನ ಬಂದ ತೊಡಿ ಏರ್ತೈತಿ. ಆಮ್ಯಾಲ ಅವರು, ಬಸಲಿಂಗಾ, ಮನಿ ಎಲ್ಲಿ ಅಂತ ಕೇಳ್ಳಿ. ಯಾವ ಮನಿನರ ಕೇಳ್ಳಿ," ಎಂದು ಪೆಟ್ಟಿಗೆ ಮುಚ್ಚುತ್ತಾರೆ ಬಸಲಿಂಗಪ್ಪ. "ಇದ ರೀ ಕಾಕಾ ಮನಿ, ಅಂತೀನಿ."