ರಂಗಣ್ಣನ ನೀರಿನ ಮಾತ್ರೆ

ಸುದ್ದಿ ಬಂದು ನಾಲ್ಕು ಗಂಟೆಯಾಯಿತು…
ಸುಳ್ಳಿರಬೇಕು ಎಂದೇ ಅವನ ಮನೆಯವರೆಗೂ ಹೋದೆ.
ಸುಳ್ಳಲ್ಲ.

ನಮ್ಮ ಜೊತೆ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ ಬಸ್ ಓಡಿಸುತ್ತಿದ್ದ ರಂಗಣ್ಣ ಇನ್ನಿಲ್ಲ…

ಗ್ರೂಪಿನಲ್ಲಿ ಎಲ್ಲರೂ "ಸಡನ್ನಾಗಿ ಹೋಗ್ಬಿಟ್ರು" ಎಂದು ಹಾಕುತ್ತಿದ್ದೀರಿ.
ಸಡನ್ ಅಲ್ಲ…
ನನಗೆ ಮೊದಲಿಂದಲೂ ಅನುಮಾನವಿತ್ತು.

ಎರಡು ವರ್ಷದಿಂದ ಅವನ ಹಾರ್ಟ್ ವೀಕಾಗಿತ್ತು. ಮೈಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು.
ಊರಿನ ಆರೋಗ್ಯ ಕೇಂದ್ರದಲ್ಲಿ ನೀರು ಇಳಿಸುವ ಮಾತ್ರೆ ಕೊಟ್ಟು, ದಿನಾ ತೂಕ ಬರೆದಿಡಲು ಹೇಳಿದ್ದರು.
ಒಂದು ಸಲ ನಾನೂ ಜೊತೆಗೆ ಹೋಗಿದ್ದೆ.
ಬುಕ್ಕಿನಲ್ಲಿ ತಿಂಗಳಿಡೀ ಒಂದೇ ತೂಕ… ಒಂದೇ ಇಂಕು.
ಸಿಸ್ಟರ್ ಬುಕ್ ಪಕ್ಕಕ್ಕಿಟ್ಟರು. ಅವನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು…
ಗುಳಿ ಹಾಗೇ ಉಳಿಯಿತು… ನೀರು ಇಳಿದೇ ಇರಲಿಲ್ಲ.

ಆಗ ಬಾಯಿಬಿಟ್ಟ.
"ಮಾತ್ರೆ ನುಂಗಿದ್ರೆ ಮೂರ್ ಸಲ ಬಸ್ ನಿಲ್ಲಿಸ್ಬೇಕು ಸಿಸ್ಟರ್. ಬಸ್ ತುಂಬಾ ಹೆಣ್ಮಕ್ಳು. ಎಲ್ಲಿ ಅಂತ ನಿಲ್ಲಿಸ್ಲಿ?"

ಸಿಸ್ಟರ್ ಬೈಯಲಿಲ್ಲ. ಡಾಕ್ಟರನ್ನು ಕೇಳಿಕೊಂಡು ಬಂದು, ಬೆಳಗಿನ ಟ್ರಿಪ್ಪಿಗೂ ಸಂಜೆ ಟ್ರಿಪ್ಪಿಗೂ ನಡುವೆ ಬಸ್ ನಿಂತಿರುವ ಮಧ್ಯಾಹ್ನ ತೆಗೆದುಕೊಳ್ಳಲು ಹೇಳಿದರು.
ಊತ ಇಳಿಯಿತು. ದಿಂಬಿಗೆ ಒರಗಿ ಕೂರದೆ ನಿದ್ದೆ ಮಾಡುವಂತಾದ.

ಆಮೇಲೇನಾಯಿತು ರಂಗಣ್ಣ…?
ಹದಿನೈದು ದಿನದಿಂದ ನೀನು ಶೂ ಬಿಟ್ಟು ಚಪ್ಪಲಿಯಲ್ಲಿ ಬರುತ್ತಿದ್ದೆ.
ಬಸ್ಸಿನ ಮೆಟ್ಟಿಲು ಹತ್ತಿದರೆ ಒಂದು ನಿಮಿಷ ಕಂಬಿ ಹಿಡಿದು ನಿಲ್ಲುತ್ತಿದ್ದೆ…
ಮಾತ್ರೆ ತಗೊಂಡೆಯಾ ಎಂದು ನಾನು ಕೇಳಿದರೆ, "ತಗೊಂಡೆ ಕಣೋ. ಏನ್ ಪೊಲೀಸ್ ಥರ ಕೇಳ್ತೀಯ" ಎಂದು ನಕ್ಕುಬಿಟ್ಟೆ.
ನಾನು ನಂಬಲಿಲ್ಲ.
ಆದರೂ ಸುಮ್ಮನಾದೆ…

ಇವತ್ತು ಅತ್ತಿಗೆ ನಿನ್ನ ಶರ್ಟ್ ಜೇಬಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದು ಕೊಟ್ಟರು. ಒಂದನ್ನೂ ಒಡೆದಿರಲಿಲ್ಲ.
ಮಾತ್ರೆ ನುಂಗಲು ಬಿಡುವಿಲ್ಲದಂತೆ ನಿನಗೆ ಡ್ಯೂಟಿ ಜಾಸ್ತಿ ಹಾಕಿದ್ದು ಯಾರು ಎಂದು ನಾನು ಸೂಪರ್‌ವೈಸರ್ ಮೇಲೆ ಅನುಮಾನಪಟ್ಟೆ. ಫೋನೂ ಮಾಡಿದೆ…
ಅವರು ತೆಗೆದು ನೋಡಿದ ಡ್ಯೂಟಿ ಬದಲಿ ರಿಜಿಸ್ಟರಿನಲ್ಲಿ ಇದ್ದದ್ದು ನನ್ನ ಸಹಿ.

ಅಮ್ಮನ ಕಣ್ಣಿನ ಆಪರೇಷನ್ ಇದೆ, ಒಂದು ತಿಂಗಳು ನನ್ನ ಮಧ್ಯಾಹ್ನದ ಟ್ರಿಪ್ ನೋಡಿಕೋ ಎಂದು ನಾನೇ ಕೇಳಿದ್ದೆ.
"ಕೊಡಪ್ಪ… ಮಧ್ಯಾಹ್ನ ನಂಗೇನ್ ಕೆಲ್ಸ" ಎಂದಿದ್ದೆ ನೀನು.
ಮಾತ್ರೆಯ ಮಾತು ಆಗ ನೀನು ಎತ್ತಲಿಲ್ಲ… ನನಗೆ ನೆನಪಾಗಲಿಲ್ಲ.

ಡ್ರೈವರ್ ಗೆಳೆಯರೇ, ಮಾತ್ರೆ ವಿಷಯದಲ್ಲಿ ನಿಮ್ಮಲ್ಲೂ ಇಬ್ಬರ ಮೇಲೆ ನನಗೆ ಅನುಮಾನವಿದೆ.
ನಾಳೆ ಬಂದು ಕೇಳುತ್ತೇನೆ.
ತಗೊಂಡೆ ಅಂದರೆ ಸಾಲದು… ಸ್ಟ್ರಿಪ್ ತೋರಿಸಬೇಕು.

ಹೋಗಿ ಬಾ ರಂಗಣ್ಣ…
ನಿನ್ನ ಜೀವಕ್ಕೆ ಇನ್ನಾದರೂ ನೆಮ್ಮದಿ ಸಿಗಲಿ 🙏