ಕೇಳಿಸದಿದ್ದಕ್ಕೆ ಬಿಟ್ಟ ಜಾಗ

ಗಾಣಗಾಪುರದಲ್ಲಿ ನನ್ನ ಅಕ್ಕನ ಮನೆಯ ಹಿಂದಿನ ಕೋಣೆ. ಹೊಳೆ ಕಾಣುವ ಕಿಟಕಿಗೂ ಮೇಜಿಗೂ ನಡುವೆ ನಾನು ನಿಂತಿದ್ದೆ. ಎರಡನೆಯ ಮಹಾಯುದ್ಧ ಶುರುವಾದ ವರ್ಷದ ಭಾದ್ರಪದ, ಬೆಳಗಿನ ಹೊತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಅಂದಿನದರಲ್ಲಿ ಕೆಲವನ್ನು ನಾನು ಆ ಕಿಟಕಿಯಿಂದ ಕಂಡೆ, ಕೆಲವನ್ನು ಕಾಣಲಿಲ್ಲ.

ಇಷ್ಟು ವರ್ಷಗಳ ಮೇಲೆ, ನಿನ್ನೆ, ಅಂಚೆ ಕಚೇರಿಯಲ್ಲಿ ಯಾರದೋ ಪಾರ್ಸಲಿಗೆ ಅರಗು ಕರಗಿಸುತ್ತಿದ್ದರು. ಆ ವಾಸನೆಗೆ ನಾನು ಬಂದ ಕೆಲಸ ಮರೆತು ಬೆಂಚಿನ ಮೇಲೆ ಕೂತುಬಿಟ್ಟೆ. ಕೌಂಟರಿನವರು ನೀರು ಕೊಟ್ಟರು. ವಯಸ್ಸಾಯಿತು ಎಂದುಕೊಂಡಿರಬೇಕು, ನಾನೂ ಹಾಗೆಯೇ ಅಂದುಕೊಳ್ಳಲು ಬಿಟ್ಟೆ.

ನನ್ನ ಭಾವ ಗುರುನಾಥ ಮಾಸ್ತರರು ಶಾಲೆಯಲ್ಲಿ ಗಣಿತ ಹೇಳುತ್ತಿದ್ದರು. ಅವರಿಗೆ ಹವ್ಯಾಸಿ ರೇಡಿಯೋ ನಡೆಸುವ ಲೈಸೆನ್ಸು ಇತ್ತು. ಎರಡು ಪೆಟ್ಟಿಗೆ: ಒಂದು ಕೇಳುವುದು, ಒಂದು ಕಳಿಸುವುದು. ಬೇವಿನ ಮರದಿಂದ ಮಾಳಿಗೆಯವರೆಗೆ ಒಂದು ತಾಮ್ರದ ತಂತಿ. ಕರೆಂಟು ಇರಲಿಲ್ಲ, ಬ್ಯಾಟರಿಗಳು ಕಲಬುರ್ಗಿಗೆ ಹೋಗಿ ಚಾರ್ಜಾಗಿ ಬರಬೇಕು. ಬ್ಯಾಟರಿ ಊರಿಗೆ ಹೋದ ದಿನಗಳಲ್ಲಿ ಭಾವ ಸುಮ್ಮನೆ ಕೂತು ತಂತಿ ನೋಡುತ್ತಿದ್ದರು. ಓಣಿಯ ಹೆಣ್ಣುಮಕ್ಕಳು ಅಕ್ಕನನ್ನು ಕೇಳುತ್ತಿದ್ದರು: "ಹಿಂಗ ಖಾಲಿ ಬಿಟ್ಟೀರಲ್ರಿ, ನಾಕು ಸೀರಿ ಒಣಾ ಹಾಕ್ಲೇನ್ರಿ?"

ಆಳಂದದಲ್ಲಿ ಓದು ಮುಗಿಸಿ ಅದೇ ಶಾಲೆಗೆ ಕಿರಿಯ ಮಾಸ್ತರನಾಗಿ ಬಂದ ನಾನು ಅವರಿಂದ ಮೋರ್ಸ್ ಕಲಿಯತೊಡಗಿದೆ. ಚುಕ್ಕೆ, ಗೆರೆ, ಗಿಡ್ಡ ಸದ್ದು, ಉದ್ದ ಸದ್ದು. ಮೊದಮೊದಲು ಒಗ್ಗರಣೆಯ ಸಾಸಿವೆ ಸಿಡಿದಂತೆ ಕೇಳುತ್ತಿತ್ತು. ಆಮೇಲೆ ಅಕ್ಷರಗಳು ಬೇರೆಯಾದವು, ಆಮೇಲೆ ಪದಗಳು. ಆಗ ಹತ್ತಿತು ನೋಡಿ ನನ್ನ ರೋಗ. ಕಳಿಸುವವನು ಮಾತು ಮುಗಿಸುವ ಮೊದಲೇ ನಾನು ಮುಗಿಸಿಬಿಡುತ್ತಿದ್ದೆ. ಸೊಲ್ಲಾಪುರದಲ್ಲಿ ಭಾವನಿಗೊಬ್ಬ ರೇಡಿಯೋ ಗೆಳೆಯನಿದ್ದ. ಒಂದು ದಿನ ಆತ ಹೆಂಡತಿಯ ಜ್ವರದ ಸುದ್ದಿ ಕಳಿಸಿದ. ಕೊನೆ ಕೇಳಿಸಲಿಲ್ಲ. ನಾನು "ವಾಸಿಯಾಗಿದೆ" ಎಂದು ಬರೆದಿಟ್ಟೆ.

ಭಾವ ಮತ್ತೆ ಕೇಳಿ ನೋಡಿದರು. ಜ್ವರ ಏರಿತ್ತು.

"ವಾಸಿ ಮಾಡಾಕ ನೀ ಏನು ಡಾಕ್ಟರ ಏನ್ಲೇ?" ಎಂದರು. ನಂತರ ಮೆಲ್ಲಗೆ, "ತಮ್ಮಾ, ಕೇಳಿಸಿದ್ದು ಬರಿ. ಕೇಳಿಸದಿದ್ದಕ್ಕ ಜಾಗ ಬಿಡು. ಆಮ್ಯಾಲೆ ಮತ್ತ ಕೇಳು. ನಾಚಬ್ಯಾಡ" ಎಂದರು.

ಬೇಗ ಬರೆಯುವುದನ್ನು ನಾನು ಕೆಲವೇ ತಿಂಗಳಲ್ಲಿ ಕಲಿತೆ. ಜಾಗ ಬಿಡುವುದಕ್ಕೆ ಬಹಳ ಕಾಲ ಹಿಡಿಯಿತು. ಬಿಟ್ಟ ಜಾಗ ನನ್ನ ದಡ್ಡತನವನ್ನು ಊರಿಗೆಲ್ಲ ತೋರಿಸುತ್ತದೆ ಅನ್ನಿಸುತ್ತಿತ್ತು.

ಈ ವಿದ್ಯೆಯಿಂದ ಊರಿಗೆ ಇದ್ದ ಉಪಯೋಗ ಒಂದೇ. ಮಳೆಗಾಲದಲ್ಲಿ ಭೀಮಾ ಹೊಳೆ ಮೇಲೆಲ್ಲೋ ಏರಿದರೆ ಸೊಲ್ಲಾಪುರದ ಗೆಳೆಯ ತಿಳಿಸುತ್ತಿದ್ದ. ದೋಣಿ ನಡೆಸುವ ಹಣಮಂತ ಆ ದಿನಗಳಲ್ಲಿ ನಮ್ಮಲ್ಲಿ ವಿಚಾರಿಸದೆ ದೋಣಿ ಬಿಡುತ್ತಿರಲಿಲ್ಲ.

ಆ ಬೆಳಿಗ್ಗೆ ಅಫಜಲಪುರದಿಂದ ಪೊಲೀಸ್ ಅಮೀನ ಸಾಹೇಬರು ಬಂದರು. ಯುದ್ಧದ ಕಾರಣ ಯಾರೂ ಸುದ್ದಿ ಕಳಿಸಬಾರದು, ಕಳಿಸುವ ಪೆಟ್ಟಿಗೆಗೆ ಮುದ್ರೆ ಹಾಕಬೇಕು.

"ಹುಕುಂ ಅದ್ರಿ ಮಾಸ್ತರ್. ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ," ಎಂದರು. "ಇವೆರಡರಾಗ ಮಾತಾಡೋದು ಯಾವುದು?"

ಭಾವ ತೋರಿಸಿದರು. ಅಮೀನರು ಮೋರ್ಸ್ ಸದ್ದು ಹೊರಡಿಸುವ ಒತ್ತುಕೀಲಿಗೆ ದಾರ ಸುತ್ತಿ, ಅರಗು ಕರಗಿಸಿ ಮುದ್ರೆ ಒತ್ತಿದರು. ಅಕ್ಕ ಅವರಿಗೆ ಚಹಾ ತಂದಿಟ್ಟಳು.

ಅಷ್ಟರಲ್ಲಿ ಹಣಮಂತ ಬಂದ. ಆಗ ಇಪ್ಪತ್ತರ ಹುಡುಗ. ಜೊತೆಗೆ ನಮ್ಮ ಓಣಿಯ ಭೀಮವ್ವ, ಹೊಲದ ಕೂಲಿಗೆ ಹೋಗುವವಳು. ಅವಳ ಮಗಳನ್ನು ಹೊಳೆಯಾಚೆ ಜೇವರ್ಗಿ ಕಡೆಯ ಹಳ್ಳಿಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಹೊಳೆ ತುಂಬಿ ಕರೆತರುವುದು ತಡವಾಗಿತ್ತು. ನೋವು ಶುರುವಾಗಿದೆ, ಮಗು ಅಡ್ಡ ನಿಂತಿದೆ, ಹುಡುಗಿ ಅವ್ವನನ್ನು ಕರೆಯುತ್ತಿದ್ದಾಳೆ ಎಂಬ ಸುದ್ದಿ ಹಿಂದಿನ ದೋಣಿಯಲ್ಲಿ ಬಂದಿತ್ತು.

ನಾನು ಹೆಡ್‌ಫೋನ್ ಹಾಕಿಕೊಂಡೆ. ಕೇಳುವ ಪೆಟ್ಟಿಗೆಗೆ ಮುದ್ರೆ ಇರಲಿಲ್ಲ. ಸೊಲ್ಲಾಪುರದವನು ಕರೆಯುತ್ತಲೇ ಇದ್ದ. ನಾನು ಬರೆದುಕೊಂಡದ್ದು: ಹೊಳೆ ಬಹಳ ಏರಿದೆ. ನೀರು ರೈಲು ಸೇತುವೆ ದಾಟಿದ್ದು... ಅಷ್ಟರಲ್ಲಿ ಗುಡುಗಿನ ಗದ್ದಲದಲ್ಲಿ ಮುಂದಿನದು ಮುಳುಗಿತು. ಆಮೇಲೆ ಸದ್ದು ನಿಂತಿತು.

"ಯಾವಾಗ ದಾಟಿತು? ಕೇಳಿಸ್ತೇನ್ಲೇ?" ಭಾವ ಕೇಳಿದರು.

"ಇಲ್ಲ."

"ಖರೇ ಹೇಳು."

"ಇಲ್ರಿ. ಜಾಗ ಬಿಟ್ಟೀನಿ."

ಹಣಮಂತನಿಗೆ ಅನುಮಾನವಿರಲಿಲ್ಲ. "ಈಗ ತಿಳಿಸ್ಯಾನಂದ್ರ ಈಗ ದಾಟ್ಯದ್ರಿ. ಇಲ್ಲಿಗೆ ಬರಾಕ ಸಂಜಿ ಆಗ್ತದ. ಅಷ್ಟರಾಗ ನಾ ಬಿಟ್ಟು ಬರ್ತೇನಿ."

ಅವನ ಮಾತು ತಪ್ಪಲ್ಲ. ಪ್ರತಿವರ್ಷ ಹಾಗೆಯೇ ಆಗುತ್ತಿತ್ತು. ಭೀಮವ್ವ ನನ್ನ ಕೈಯಲ್ಲಿನ ಕಾಗದ ನೋಡಿದಳು. "ಸಂಜಿ ಅಂತ ಬರೀರಿ ಮಾಸ್ತರ್ರ. ಬರದ್ರ ನಿಮ್ಮದೇನು ಹೋಗ್ತದ?"

"ಕೇಳಿಸಿಲ್ಲ ಬೇ ಭೀಮವ್ವ," ಎಂದರು ಭಾವ.

"ನನ್ನ ಮಗಳು ಕರಿಯೋದು ನನಗ ಕೇಳಸಾಕತ್ತದ." ಅವಳು ಹೊರಟಳು. ಹಣಮಂತ ಹಿಂದೆಯೇ ಹೋದ.

ಭಾವ ಅಮೀನರ ಕಡೆ ತಿರುಗಿದರು. "ಸಾಹೇಬ, ಒಂದ ಸಲ ಕೇಳಬೇಕು."

"ಒಡದ್ರ ನಾ ಬರೀಬೇಕಾಗ್ತದ್ರಿ. ನೌಕ್ರಿ ಹೋಗ್ತದ ನಿಮ್ದು."

"ಬರೀರಿ," ಎಂದು ಭಾವ ಹೆಬ್ಬೆರಳಿನಿಂದ ಮುದ್ರೆ ಒಡೆದರು.

ಪೆಟ್ಟಿಗೆಯೊಳಗಿನ ಗಾಜಿನ ದೀಪಗಳು ಬಿಸಿಯಾಗುವವರೆಗೆ ನಾವು ನಿಂತೆವು. ಭಾವ ಪ್ರಶ್ನೆಯನ್ನು ನಿಧಾನವಾಗಿ ಕಳಿಸಿದರು, ಮಕ್ಕಳಿಗೆ ಉಕ್ತಲೇಖನ ಹೇಳುವಂತೆ. ಉತ್ತರ ಬಂತು. ಈ ಸಲ ಪ್ರತಿ ಅಕ್ಷರವೂ ಕೇಳಿಸಿತು. ನೀರು ಸೇತುವೆ ದಾಟಿದ್ದು ನಿನ್ನೆ ದೀಪ ಹಚ್ಚುವ ಹೊತ್ತಿಗೆ. ಅವನಿಗೂ ಹುಕುಂ ತಲುಪಿತ್ತು. ಕೀಲಿ ಒತ್ತಲೋ ಬೇಡವೋ ಎಂದು ರಾತ್ರಿಯೆಲ್ಲ ಅಂಜಿ ಕೂತಿದ್ದನಂತೆ.

ಭಾವ ಬರಿಗಾಲಲ್ಲಿ ಓಡಿದರು. ನಾನು ಕಿಟಕಿಯಿಂದ ನೋಡಿದೆ. ಭೀಮವ್ವ ದೋಣಿಯಲ್ಲಿ ಕೂತಿದ್ದಳು. ಹಣಮಂತ ಹಗ್ಗ ಬಿಚ್ಚಿದ್ದ. ಭಾವ ಮೊಳಕಾಲುದ್ದ ನೀರಿಗಿಳಿದು ಹಗ್ಗ ಹಿಡಿದರು. ಭೀಮವ್ವ ಇಳಿದು ಬಂದು ಅವರ ಎದೆಗೆ ಎರಡೂ ಕೈಯಿಂದ ಗುದ್ದಿದಳು. ಅವರು ಹಗ್ಗ ಬಿಡಲಿಲ್ಲ.

ನೀರು ಬರಲು ಎಷ್ಟು ಹೊತ್ತಾಯಿತು? ಗಡಿಯಾರ ನೋಡಲಿಲ್ಲ. ಅಮೀನರು ಅರಗಿನ ಚೂರುಗಳನ್ನು ಕಾಗದದಲ್ಲಿ ಕಟ್ಟಿ, ವರದಿ ಬರೆದು, ನನ್ನ ಸಹಿ ಪಡೆದಿದ್ದರು. ಆಮೇಲೆ ಬಂತು. ಮೊದಲು ಸದ್ದು, ನಂತರ ಒಂದು ಇಡೀ ಜಾಲಿಮರ, ಯಾರದೋ ದನದ ಕೊಟ್ಟಿಗೆಯ ಚಪ್ಪರ.

ಹುಡುಗಿ ಅದೇ ದಿನ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಹೊಳೆ ಇಳಿದ ಮೇಲೆ ನಮಗೆ ತಿಳಿಯಿತು. ಭೀಮವ್ವ ಒಂದು ಸಲ ಮನೆಯ ಬಾಗಿಲಿಗೆ ಬಂದು ಭಾವನಿಗೆ ಏನೋ ಹೇಳಿ ಹೋದಳು. ಬೈಗುಳವೋ, ಬೇರೆ ಮಾತೋ, ನನಗೆ ಕೇಳಿಸಲಿಲ್ಲ. ಭಾವ ಯಾವತ್ತೂ ಹೇಳಲಿಲ್ಲ.

ಅವರ ನೌಕರಿ ಹೋಯಿತು, ಪೆಟ್ಟಿಗೆಗಳೂ ಹೋದವು. ಜೇವರ್ಗಿಯಲ್ಲಿ ಧಾನ್ಯದ ಅಡತಿ ವ್ಯಾಪಾರಿಗಳ ಮಕ್ಕಳಿಗೆ ಪಾಠ ಹೇಳಿ ಬದುಕಿದರು. ಯುದ್ಧ ಮುಗಿದ ಮೇಲೆ ನನಗೆ ಲೈಸೆನ್ಸು ಸಿಕ್ಕಿತು. ದೂರ ದೂರದ ದೇಶಗಳನ್ನು ಕೇಳಿದೆ. ಒಳ್ಳೆಯ ಕಿವಿ ಎಂದು ಹೆಸರೂ ಬಂತು. ಆದರೆ ಆ ದಿನದ ಬಗ್ಗೆ ಯಾರು ಕೇಳಿದರೂ, ಭಾವ ದೋಣಿಯಲ್ಲಿದ್ದ ಇಬ್ಬರ ಜೀವ ಉಳಿಸಿದರು ಎಂದು ನಾನು ಕಥೆ ಮುಗಿಸಿಬಿಡುತ್ತಿದ್ದೆ.

ನಿನ್ನೆ ಅಂಚೆ ಕಚೇರಿಯಿಂದ ಮನೆಗೆ ಹೋಗದೆ, ಹಣಮಂತ ಈಗ ಇರುವ ಜೇವರ್ಗಿಯ ಬಸ್ಸು ಹತ್ತಿದೆ. ಹಣಮಂತ ಮಗನ ಅಂಗಡಿಯ ಮುಂದೆ ಕೂತಿದ್ದ. ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿದೆ: ಅವತ್ತು ದೋಣಿ ಬಿಟ್ಟಿದ್ದರೆ ಆಚೆ ದಡ ಮುಟ್ಟುತ್ತಿದ್ದೆಯಾ?

"ನೀವು ಕಿಟಕ್ಯಾಗಿಂದ ನೋಡೀರಿ, ನಾ ದೋಣ್ಯಾಗಿಂದ ನೋಡೀನ್ರಿ," ಎಂದ. "ಒಂದ ದಿನ ಮುಟ್ಟತಿದ್ದೆ ಅನಸ್ತದ. ಒಂದ ದಿನ ಮುಳಗತಿದ್ದೆ ಅನಸ್ತದ."

ಅವನ ವಾಕ್ಯವನ್ನು ನಾನು ಮುಗಿಸಲು ಹೋಗಲಿಲ್ಲ.

ಭಾವ ಇಲ್ಲ. ಅಕ್ಕ ಇಲ್ಲ. ಅಮೀನ ಸಾಹೇಬರಿಲ್ಲ, ಭೀಮವ್ವ ಇಲ್ಲ. ಆ ಬೆಳಿಗ್ಗೆಯನ್ನು ಕಂಡವರಲ್ಲಿ ನನ್ನ ಹೊರತು ಈಗ ಉಳಿದಿರುವವನು ಜೇವರ್ಗಿಯ ಹಣಮಂತನೊಬ್ಬನೇ.